ನಾಲವಾರಕ್ಕೆ ಹೋದ ಪಿಯಾನೋ

ಟಕ್! ಟಕ್! ಟಕ್!

ದೇವಿಕಾ ಮೌಸ್ ಒತ್ತಿದ ಸದ್ದಿಗೆ ಶಹಾಬಾದಿನ ಕಲ್ಲುಗಣಿಗಳೆಲ್ಲ ಗಡಗಡ ನಡುಗಿದವು. ಅತ್ತ ವಾಡಿ ಜಂಕ್ಷನ್‌ನಲ್ಲಿ ಒಂದು ಗೂಡ್ಸ್ ಗಾಡಿ ಬೆದರಿ ನಿಂತೇಬಿಟ್ಟಿತು. ಸುಳ್ಳೆಂದರೆ ಆ ಗಾಡಿಯನ್ನೇ ಕೇಳಿ!

ಆದರೆ ಕಂಪ್ಯೂಟರ್ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಲಿನಕ್ಸ್ ಮೆನುವಿನಲ್ಲಿ ಪಿಯಾನೋದ ಚಿತ್ರವೇನೋ ಇದೆ. ಒತ್ತಿದರೆ ಪಿಯಾನೋ ಇಲ್ಲ.

ನಿನ್ನೆ ಇತ್ತು. ರಜೆಗೆ ಬಂದಿದ್ದ ಚಿಕ್ಕಮ್ಮನ ಮಗಳು ಸರಿತಾ ತನ್ನ ಪೆನ್‌ಡ್ರೈವಿನಿಂದ ಪಿಯಾನೋ ಆ್ಯಪ್ ಓಡಿಸಿ, ಮೆನುವಿಗೂ ಸೇರಿಸಿಕೊಟ್ಟಿದ್ದಳು. ಇವತ್ತು ಮುಂಜಾನೆ ರೈಲು ಹತ್ತಿ ನಾಲವಾರಕ್ಕೆ ಹೊರಟುಹೋದಳು.

"ಯಾಕ ಅದರ ಜೀವ ತಿನ್ಲಿಕತ್ತೀ? ತಗೋ ನಿಮ್ಮಪ್ಪನ ಫೋನು, ಸರಿತಕ್ಕಗ ಕೇಳು," ಎಂದರು ಅಜ್ಜಿ ಶಿವಕಾಂತಮ್ಮ.

"ಅಕ್ಕಾ, ಪಿಯಾನೋ ಎಲ್ಲಿ ಹೋಯ್ತು?"

"ಅಯ್ಯ! ಫೈಲು ನನ್ನ ಪೆನ್‌ಡ್ರೈವ್‌ನ್ಯಾಗೇ ಅದ!" ಸರಿತಾ ಹಣೆ ಬಡಿದುಕೊಂಡ ಸದ್ದು ಕೇಳಿಸಿತು. "ಮೊದ್ಲು ಅದನ್ನ ನಿಮ್ಮ ಕಂಪ್ಯೂಟರಿಗೆ ಕಾಪಿ ಮಾಡಬೇಕಿತ್ತು. ಮರ್ತೆ. ಈಗ ಮೆನುದಾಗ ಇರೋದು ಬರೇ ಬೋರ್ಡು. ಅಂಗಡಿ ನನ್ನ ಬ್ಯಾಗಿನ್ಯಾಗ ಅದ."

"ಭಾಳ ಶಾಣ್ಯಾಕಿ ನೀ!"

"ಬೈಬ್ಯಾಡ ನಮ್ಮವ್ವಾ, ಕಳಸ್ತೀನಿ. ಹೋಮ್ ಫೋಲ್ಡರ್‌ನ್ಯಾಗ ಇಡು. ರೈಟ್ ಕ್ಲಿಕ್ ಮಾಡು, ಪ್ರೋಗ್ರಾಂ ಆಗಿ ಓಡ್ಲಿ ಅಂತ ಟಿಕ್ ಹಾಕು. ಆಮ್ಯಾಲೆ ಹೊಸದಾಗಿ ಮೆನುಕ್ಕ ಸೇರ್ಸು."

ಅಪ್ಪನ ಫೋನಿಗೆ ಫೈಲು ಇಳಿಯತೊಡಗಿತು. ಎಷ್ಟು ನಿಧಾನ ಅಂತೀರಿ! ಅಷ್ಟರಲ್ಲಿ ದೇವಿಕಾಳ ಜಡೆ ಒಂದು ಮೊಳ ಬೆಳೆಯಿತು, ಅಜ್ಜಿಗೆ ಹೊಸ ಹಲ್ಲು ಹುಟ್ಟಿದವು.

ಕೊನೆಗೂ ಬಂತು. ಕೇಬಲ್ ಹಾಕಿ ಫೈಲನ್ನು ಕಂಪ್ಯೂಟರಿಗೆ ಇಳಿಸಿದಳು. ಟಿಕ್ ಹಾಕಿದಳು, ಮೆನುವಿಗೆ ಸೇರಿಸಿದಳು. ಉಸಿರು ಬಿಗಿಹಿಡಿದು ಒತ್ತಿದಳು.

ಪಿಯಾನೋ ತೆರೆಯಿತು!

ದೇವಿಕಾ ಹಾರಿದ ಹಾರಾಟಕ್ಕೆ ಫ್ಯಾನು ಕೂಡ ತಲೆ ಬಗ್ಗಿಸಿಕೊಂಡಿತು. ಮತ್ತೆ ಕುಳಿತು ನುಡಿಸತೊಡಗಿದಳು. ನಿನ್ನೆ ಇಬ್ಬರೂ ಇದೇ ಕುರ್ಚಿಯಲ್ಲಿ ಕೂತು ನುಡಿಸಿದಾಗ ಬಲಗಡೆಯ ಕೀಗಳು ಅವಳವು. ಎಡಗಡೆಯವು ಸರಿತಾಳವು. ಅರ್ಧ ಹಾಡು ಬಂತು. ಅಲ್ಲಿಗೆ ಬೆರಳು ನಿಂತವು.

ಕುರ್ಚಿಯ ತುಂಬ ಜಾಗವಿತ್ತು. ಆದರೂ ಅವಳು ಇಬ್ಬರಿದ್ದಾಗಿನಂತೆ ತುದಿಯಲ್ಲೇ ಕುಳಿತಿದ್ದಳು.

ಫೋನ್ ಹೊಡೆದುಕೊಂಡಿತು. ಸರಿತಾ.

"ಬಂತೇನು ಪಿಯಾನೋ?"

"ಬಂತಕ್ಕಾ."

"ಮತ್ತ ಯಾಕ ಧ್ವನಿ ಸಣ್ಣ ಮಾಡ್ಕೊಂಡೀ?"

ದೇವಿಕಾ ಪಕ್ಕದ ಖಾಲಿ ಜಾಗವನ್ನು ಅಂಗೈಯಿಂದ ಮೆಲ್ಲಗೆ ಸವರಿದಳು.

"ಅಕ್ಕಾ, ನೀ ಯಾವಾಗ ಬರ್ತೀ?"