ನೆತ್ತಿಗೆ ತೂತಿಟ್ಟ ಮೇಲ್ಕಟ್ಟು

ಗಾಳಿಗೂ ಕಿವಿಯಿದ್ದ ಕಾಲವದು. ಆಗ ತುಂಬೆನಾಡು ಎಂಬ ರಾಜ್ಯವಿತ್ತು. ನಾಡಿನ ನಡುವೆ ಏಳು ತಾಳೆಮರ ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರದ ಒಂಟಿ ಬಂಡೆ, ಬಂಡೆಯ ಮೇಲೆ ಬಿರುಗಣ್ಣನೆಂಬ ಮಾಂತ್ರಿಕ. ಅವನ ರೆಕ್ಕೆಯ ಕೋಣ ವರ್ಷಕ್ಕೊಬ್ಬರನ್ನು ಹೊತ್ತೊಯ್ಯುತ್ತಿತ್ತು. ಹೋದವರು ಅಲ್ಲೇ ಕಲ್ಲಾಗಿ ನಿಲ್ಲುತ್ತಿದ್ದರು.

ಆ ವರ್ಷ ಕೋಣ ನೇಕಾರ ಬೊಮ್ಮಯ್ಯನನ್ನು ಕಚ್ಚಿಕೊಂಡು ಹಾರಿತು. ಅಣ್ಣನ ಜೊತೆ ಕೂತು ಅರಮನೆಗೆಂದು, ಹಗ್ಗ ಕಟ್ಟಿ ತಲೆಯ ಮೇಲೆ ಹರಡುವ ರೇಷ್ಮೆಯ ಮೇಲ್ಕಟ್ಟು ಹೊಲಿಯುತ್ತಿದ್ದ ತಂಗಿ ಮಲ್ಲಾಜಿ ಸುಮ್ಮನಿರುವ ಪೈಕಿಯೇ? ಬಟ್ಟೆಯನ್ನು ಹಗ್ಗಗಳ ಸಮೇತ ಹೆಗಲಿಗೆ ಸುತ್ತಿಕೊಂಡು ಕೋಣದ ಬಾಲಕ್ಕೆ ಜೋತುಬಿದ್ದಳು.

"ನನ್ನಣ್ಣನನ್ನು ಬಿಡು," ಎಂದಳು, ಮೇಲೆ ಕಾಲಿಟ್ಟವಳೇ.

ಬಿರುಗಣ್ಣ ನಕ್ಕ. "ಇಲ್ಲಿಂದ ಮೂರು ಸಲ ಕೆಳಗೆಸೆಯುತ್ತೇನೆ. ಮೊದಲು ಮಡಕೆ, ಆಮೇಲೆ ಕುರಿಮರಿ, ಕೊನೆಗೆ ನೀನು. ಒಂದಾದರೂ ಪೆಟ್ಟಾಗದೆ ನೆಲ ಮುಟ್ಟಿದರೆ ನನ್ನ ಮಾಟ ಮುಗಿಯಿತು. ಸೋತಾಗೆಲ್ಲ ನಿನ್ನಣ್ಣ ಇಷ್ಟಿಷ್ಟೇ ಕಲ್ಲಾಗುತ್ತಾನೆ."

ಬಟ್ಟೆ ಗಾಳಿ ತುಂಬಿಕೊಂಡು ಮೆಲ್ಲಗೆ ಇಳಿಸೀತೆಂದು ಮಲ್ಲಾಜಿ ಮೇಲ್ಕಟ್ಟಿನ ಹಗ್ಗಗಳಿಗೆ ಮಡಕೆ ಕಟ್ಟಿದಳು. ಮಡಕೆ ಭರ್ರನೆ ಬಿತ್ತು. ಅರ್ಧ ದಾರಿಯಲ್ಲಿ ಬಟ್ಟೆ ಢಬ್ಬೆಂದು ಒಮ್ಮೆಲೇ ಬಿಚ್ಚಿಕೊಂಡಿತು, ಆ ಎಳೆತಕ್ಕೆ ಹಗ್ಗಗಳು ಪಟಪಟನೆ ಹರಿದವು. ಮಡಕೆ ಚೂರುಚೂರು. ಬೊಮ್ಮಯ್ಯ ಸೊಂಟದವರೆಗೆ ಕಲ್ಲಾದ.

"ಮಗ್ಗದಲ್ಲೂ ಎಳೆಯನ್ನು ಒಮ್ಮೆಲೇ ಜಗ್ಗಿದರೆ ತುಂಡಾಗುತ್ತಲ್ಲ ಮಲ್ಲಿ," ಎಂದ ಅವನು. "ನಿಧಾನಕ್ಕೆ ಬಿಚ್ಚಿಸು."

ಕೋಣ ಬಟ್ಟೆಯನ್ನು ಮೇಲಕ್ಕೆ ತಂದು ಹಾಕಿತು. ಮಲ್ಲಾಜಿ ಹರಿದ ಹಗ್ಗಗಳನ್ನು ಗಂಟು ಹಾಕಿ, ಎಲ್ಲವನ್ನೂ ತನ್ನ ತೋಳಿನ ಕಡಗದೊಳಗೆ ತೂರಿಸಿ, ಕಡಗವನ್ನು ಬಟ್ಟೆಯ ಅಂಚಿನವರೆಗೆ ಏರಿಸಿದಳು. ಕೆಳಗೆ ಬುಟ್ಟಿ, ಬುಟ್ಟಿಯಲ್ಲಿ ಕುರಿಮರಿ.

ಈ ಸಲ ಗಾಳಿ ಮೊದಲು ಬಟ್ಟೆಯ ನೆತ್ತಿಗೆ ನುಗ್ಗಿ ಸಣ್ಣ ಬುಗ್ಗೆಯಾಯಿತು. ಬುಗ್ಗೆ ಉಬ್ಬಿದಂತೆಲ್ಲ ಅಂಚು ಅಗಲವಾಯಿತು, ಕಡಗ ಹಗ್ಗಗಳ ಗುಂಟ ಮೆಲ್ಲಗೆ ಕೆಳಗೆ ಜಾರಿತು. ಒಂದು ಹಗ್ಗವೂ ಹರಿಯಲಿಲ್ಲ. ಮಲ್ಲಾಜಿ ನೆಮ್ಮದಿಯ ನಿಟ್ಟುಸಿರು ಬಿಟ್ಟಳು. ಪಾಪ, ಬೇಗ ಬಿಟ್ಟಳು. ತುಂಬಿದ ಗಾಳಿಗೆ ಹೊರದಾರಿಯಿಲ್ಲ, ಒಮ್ಮೆ ಈ ಅಂಚಿನಿಂದ ಒಮ್ಮೆ ಆ ಅಂಚಿನಿಂದ ತುಳುಕಿತು. ಬುಟ್ಟಿ ತೊಟ್ಟಿಲಿನಂತೆ ತೂಗಿ ಬಂಡೆಗೆ ಬಡಿಯಿತು. ಮರಿಯ ಕಾಲು ಮುರಿಯಿತು, ಬೊಮ್ಮಯ್ಯ ಕುತ್ತಿಗೆಯವರೆಗೆ ಕಲ್ಲಾದ.

ಕೋಣ ಮತ್ತೆ ಬಟ್ಟೆ ತಂದಿತು. ಮಲ್ಲಾಜಿ ಸೊಂಟದಿಂದ ಕತ್ತರಿ ತೆಗೆದಳು. "ನೆತ್ತಿಯಲ್ಲಿ ತೂತು ಬೇಕು."

"ಬೇಡ ಕಣೇ," ಎಂದ ಬೊಮ್ಮಯ್ಯ. "ನಮ್ಮವರು ನಟ್ಟನಡುವೆ ತೂತು ಮಾಡೋದು ಹೆಣಕ್ಕೆ ಹೊದಿಸೋ ಬಟ್ಟೆಗೆ ಮಾತ್ರ. ನಿನ್ನ ಕೈಯಾರೆ ಅದನ್ನ ಮಾಡ್ಕೋಬೇಡ."

ಅವಳಿಗೂ ಭಯವೇ. "ತೂತಿಲ್ಲದ್ದು ನೇಯ್ತೀವಿ ಅಂತ ಇಷ್ಟು ದಿನ ಮೆರೆದ್ವಲ್ಲಣ್ಣ, ಆ ಮರಿ ಕಾಲು ಮುರಿದಿದ್ದು ಅದೇ," ಎಂದು ಊಟದ ತಟ್ಟೆಯಗಲ ಕತ್ತರಿಸಿಯೇಬಿಟ್ಟಳು. ಕಡಗವನ್ನು ಮತ್ತೆ ಅಂಚಿಗೇರಿಸಿ, ಹಗ್ಗಗಳನ್ನು ಎದೆಗೆ ಬಿಗಿದುಕೊಂಡು, ಮಾಂತ್ರಿಕ ತಳ್ಳುವ ಮೊದಲೇ ಹಾರಿದಳು.

ಬಟ್ಟೆ ತಲೆಯ ಮೇಲೆ ಹಿಂಡಿದ ಸೀರೆಯಂತೆ ಉದ್ದಕ್ಕೆ ನಿಂತಿತು. ನೆಲ ಮೇಲೆದ್ದು ಬರುತ್ತಿತ್ತು. ನೆತ್ತಿ ಉಬ್ಬಿತು, ಕಡಗ ಜಾರಿತು, ಜಾರಿ ಒಂದು ಗಂಟಿಗೆ ಸಿಕ್ಕಿ ನಿಂತುಬಿಟ್ಟಿತು. ಕೆಳಗೆ ಮರಗಳ ಎಲೆ ಎಲೆಯೂ ಕಾಣತೊಡಗಿತು. ಮಲ್ಲಾಜಿ ಎರಡೂ ಕೈಯಿಂದ ಹಗ್ಗಗಳನ್ನು ಅಗಲಿಸಿ ಅಲುಗಾಡಿಸಿದಳು. "ಇಳಿಯೇ ತಾಯಿ, ಇಳಿ."

ಕಡಗ ಇಳಿಯಿತು. ಮೇಲ್ಕಟ್ಟು ಪೂರಾ ಅರಳಿತು. ಹೆಚ್ಚಾದ ಗಾಳಿ ತೂತಿನಿಂದ ಸುಯ್ಯೆಂದು ಹೊರಟಿತು, ಬಟ್ಟೆ ತೂಗಲಿಲ್ಲ, ತುಳುಕಲಿಲ್ಲ. ಮಲ್ಲಾಜಿ ನೆಟ್ಟಗೆ ಇಳಿದು ಎರಡೂ ಪಾದ ಊರಿ ನಿಂತಳು.

ಬಂಡೆಯ ಮೇಲೆ ಬಿರುಗಣ್ಣ ಬೂದಿಯಾದ. ಮರಿಯ ಕಾಲು ಸರಿಯಾಯಿತು. ಕಲ್ಲಾದವರೆಲ್ಲ ಮೈಮುರಿದು ಎದ್ದರು. ಮಾಟ ಕಳಚಿದ ಕೋಣ ಒಬ್ಬೊಬ್ಬರನ್ನೇ ಬೆನ್ನ ಮೇಲೆ ಕೂರಿಸಿಕೊಂಡು ಇಳಿಸಿತು. ಆಮೇಲೆ ತುಂಬೆನಾಡಿನ ಮಂದಿ ಆಕಾಶಕ್ಕೆ ಹೆದರದೆ ಉಂಡುಟ್ಟು ನೂರ್ಕಾಲ ಸುಖವಾಗಿ ಬಾಳಿದರು.

ಬೊಮ್ಮಯ್ಯ ಮಾತ್ರ ಅಂದು ಇಳಿದವನೇ ತಂಗಿಯ ಕೈ ಹಿಡಿದು ಅತ್ತುಬಿಟ್ಟ. "ನೀನು ಹಾರುತ್ತಲೇ, ಸೋಲೋವರೆಗೂ ಕಾಯದೆ ಕಲ್ಲು ಮುಖಕ್ಕೂ ಏರಿತು ಮಲ್ಲಿ. ಕಣ್ಣು ಮುಚ್ಚೋಣ ಅಂದ್ರೆ ರೆಪ್ಪೆ ಅಲುಗಲಿಲ್ಲ. ನೀನು ಬೀಳೋದನ್ನ ಪೂರಾ ನೋಡಿದೆ," ಎಂದ.