ಬದುಕಿರುವವನ ವಾಚು

"ಇದರಲ್ಲಿ ಸತ್ತವರ ವಾಚು ಯಾವುದು?"

ನಮಸ್ಕಾರ ಇಲ್ಲ, ಬೆಲೆ ಕೇಳಲಿಲ್ಲ, ಬಾಯಿ ತೆರೆದ ಕೂಡಲೇ ಇದೇ ಪ್ರಶ್ನೆ! ಹಂಪನಕಟ್ಟೆಯ ಆ ಪುಟ್ಟ ವಾಚ್ ರಿಪೇರಿ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ ಮೋಹನದಾಸ್ ತಲೆ ಎತ್ತಿದ. ಅದನ್ನು ತೆಗೆದು ನೋಡಿದ. ನೋಡಿದವನು ಹಾಗೇ ನೋಡ್ತಾ ಉಳಿದ...

ನೀಲಿ ಸೀರೆ, ಬೆವರಿದ ಹಣೆ, ಕೈಯಲ್ಲಿ ಛತ್ರಿ. ಜಗಳಕ್ಕೇ ಬಂದವಳ ಹಾಗೆ ಗಲ್ಲ ಎತ್ತಿ ನಿಂತಿದ್ದಳು ಹುಡುಗಿ. ಆದರೆ ಛತ್ರಿಯ ಹಿಡಿಯನ್ನು ಎರಡೂ ಕೈಯಿಂದ ಬಿಗಿದು ಹಿಡಿದಿದ್ದಳು.

"ಎಂತ ನೋಡ್ತೀರಿ? ಸೆಕೆಂಡ್ ಹ್ಯಾಂಡ್ ವಾಚು ಬೇಕು. ಸತ್ತವರದ್ದು ಬೇಡ. ಅಷ್ಟೇ."

ನಗು ಬಂದರೂ ಮೋಹನದಾಸ್ ನಗಲಿಲ್ಲ. ಈ ವ್ಯಾಪಾರದಲ್ಲಿ ಅವನು ನೋಡದ ನಂಬಿಕೆಯೇ ಇರಲಿಲ್ಲ. ಬಂದರಿನ ಅಹ್ಮದ್ ಬಾವ ವಾಚು ಕೊಳ್ಳುವ ಮೊದಲು, "ಮಾರಿದವನ ವ್ಯಾಪಾರ ಹೇಗಿತ್ತು ಮಾರಾಯ? ಮುಳುಗಿದವನದ್ದಾದರೆ ನನಗೆ ಬೇಡ" ಅನ್ನುತ್ತಿದ್ದರು. ಕೋರ್ಟಿಗೆ ಹೋಗುವವರಿಗೆ ಕೇಸು ಗೆದ್ದವರ ವಾಚೇ ಆಗಬೇಕು! ಮದುಮಗನೊಬ್ಬ ಹೆಂಡತಿ ಬಿಟ್ಟುಹೋದವನ ವಾಚು ಅಂತ ಗೊತ್ತಾದ ಕೂಡಲೇ ಕೈಯಿಂದ ಬಿಚ್ಚಿಟ್ಟು ಓಡಿದ್ದ.

"ಸತ್ತವರದ್ದಾದರೆ ಎಂತ ಆಗ್ತದೆ?" ಮೆಲ್ಲಗೆ ಕೇಳಿದ.

ಎತ್ತಿದ ಗಲ್ಲ ಕೆಳಗಿಳಿಯಿತು.

"ನನ್ನ ಅಪ್ಪ ಒಂದು ಕೊಂಡಿದ್ದರು. ಹಡಗಿನ ಒಬ್ಬ ಆಫೀಸರದ್ದು, ಸತ್ತುಹೋದವರದ್ದು. ಕಟ್ಟಿಕೊಂಡು ಮೂರು ತಿಂಗಳಿಗೆ ಅಪ್ಪನೂ ಹೋದರು... ಜ್ವರ ಅಂತ ಡಾಕ್ಟರು ಹೇಳಿದ್ದು. ವಾಚು ಅಂತ ಅಮ್ಮ ಹೇಳೋದು."

"ನೀವು ಎಂತ ಹೇಳೋದು?"

ಇಲ್ಲಿಯವರೆಗೆ ಯಾರೂ ದೇಯಿಯನ್ನು ಹಾಗೆ ಕೇಳಿರಲಿಲ್ಲ. 

ಅವಳಿಗೆ ವಾಚು ಬೇಕೇ ಬೇಕಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿ ಒಂದು ತಿಂಗಳು. ಬೆಳಿಗ್ಗೆ ಆರಕ್ಕೆ ಜೆಪ್ಪುವಿನಿಂದ ಬಂದು ಬೋರ್ಡಿನ ಎದುರು ಕೂರಬೇಕು. ಕೋಳಿ ಕೂಗಿದ್ದು ನಂಬಿ ಎರಡು ಸಲ ತಡವಾಗಿತ್ತು. ತಾಯಿ ಕಿನ್ನಿ ಕಡೆಗೂ ಒಪ್ಪಿದ್ದು ಆ ಒಂದೇ ಶರತ್ತಿನ ಮೇಲೆ.

ಮೋಹನದಾಸ್ ಗಾಜಿನ ಪೆಟ್ಟಿಗೆಯನ್ನೊಮ್ಮೆ ನೋಡಿದ. ಹನ್ನೊಂದು ವಾಚುಗಳು. ಕೆಲವು ಸತ್ತವರದ್ದೇ. ಉಳಿದವು ಯಾರದ್ದೋ, ಅವರು ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ!

"ಒಂದು ನಿಮಿಷ" ಅಂತ ಪರದೆಯ ಹಿಂದೆ ಹೋದ.

ಒಂದು ನಿಮಿಷ ಹೋಗಿ ಹತ್ತು ನಿಮಿಷ ಆಯಿತು. ಹೊರಗೆ ಬಂದಾಗ ಅವನ ಕೈಯಲ್ಲಿ ಒಂದು ಸ್ವಿಸ್ ವಾಚಿತ್ತು. ಬಿಳಿ ಮುಖ, ಹೊಸ ಚರ್ಮದ ಪಟ್ಟಿ.

"ಗಂಡಸರದ್ದಲ್ವಾ?"

"ಪಟ್ಟಿಗೆ ಎರಡು ತೂತು ಹೆಚ್ಚು ಹಾಕಿದ್ದೇನೆ. ಇದರ ಯಜಮಾನ ಬದುಕಿದ್ದಾನೆ. ಗಟ್ಟಿಮುಟ್ಟಾಗಿದ್ದಾನೆ."

"ಆಣೆ?"

"ಕದ್ರಿ ಮಂಜುನಾಥನ ಆಣೆ."

ಅವಳ ಮುಖ ಅರಳಿತು. ಹೊರಡುವಾಗ ಒಂದು ವಿಚಿತ್ರ ಕಂಡಿತು. ಅವನ ಬಲಗೈಯ ಅಂಗಿ ಮೊಣಕೈವರೆಗೆ ಮಡಚಿತ್ತು, ಎಡಗೈಯದ್ದು ಕೆಳಗಿಳಿದು ಗುಂಡಿ ಹಾಕಿಕೊಂಡಿತ್ತು. 'ಇದೆಂತ ಫ್ಯಾಶನ್ನಪ್ಪ!' ಅಂತ ದೇಯಿ ಮನಸ್ಸಲ್ಲೇ ನಕ್ಕಳು. ನಕ್ಕು ಮರೆತಳು. ಇನ್ನೂ ಸ್ವಲ್ಪ ಸರಿಯಾಗಿ ನೋಡಿದ್ದರೆ ಮುಂದಿನ ಕಣ್ಣೀರೆಲ್ಲ ತಪ್ಪುತ್ತಿತ್ತು!

*

"ಪ್ರತಿ ಶನಿವಾರ ತಂದು ತೋರಿಸಿ. ಹಳೇ ವಾಚು, ಹೊಸ ಕೈ. ಒಗ್ಗಬೇಕಲ್ಲ" ಅಂದಿದ್ದ ಅವನು.

ವಾಚಿಗೆ ಏನೂ ಆಗಿರಲಿಲ್ಲ, ಎಕ್ಸ್‌ಚೇಂಜಿನ ಗಡಿಯಾರಕ್ಕಿಂತ ಚೆನ್ನಾಗಿ ಹೊತ್ತು ತೋರಿಸುತ್ತಿತ್ತು. ಆದರೂ ದೇಯಿ ಪ್ರತಿ ಶನಿವಾರ ಹೋದಳು. ಶುಕ್ರವಾರವೇ ಸೀರೆಗೆ ಇಸ್ತ್ರಿ ಹಾಕಿಟ್ಟಳು ಅಂದಮೇಲೆ ನಾನು ಬೇರೆ ಹೇಳಬೇಕಾ?

ಅವನು ಹೆಚ್ಚು ಮಾತಿನವನಲ್ಲ. ಕೇಳಿದರೆ ಹೇಳುತ್ತಿದ್ದ. ಅಪ್ಪ ಅಮ್ಮ ಇಲ್ಲ, ಕದ್ರಿಯ ದೊಡ್ಡಮ್ಮ ಸಾಕಿದ್ದು. ಕೆಲಸ ಕಲಿಸಿದ್ದು ಲೋಕಯ್ಯಣ್ಣ. ಈ ಅಂಗಡಿ ಅವರದ್ದೇ. ಎರಡು ವರ್ಷದ ಹಿಂದೆ, ಅರುವತ್ತನೇ ಇಸವಿಯಲ್ಲಿ, ತೀರಿಕೊಂಡರು.

"ನಿಮ್ಮ ಕೈಯಲ್ಲಿ ಮಾತ್ರ ಒಂದು ವಾಚಿಲ್ಲ ನೋಡಿ!" ಅಂತ ಅವಳು ಒಮ್ಮೆ ತಮಾಷೆ ಮಾಡಿದಳು.

"ಸುತ್ತ ಇಷ್ಟು ಗಡಿಯಾರ ಉಂಟಲ್ಲ, ಕೈಗೆ ಯಾಕೆ?" ಅಂತ ಅವನು ಎಡಗೈಯನ್ನು ಮೇಜಿನ ಕೆಳಗೆ ಇಳಿಸಿದ.

ಏಳನೇ ಶನಿವಾರ ಅವನೆಂದ, "ಸ್ಪೇರ್ ಪಾರ್ಟ್ಸ್ ತರ್ಲಿಕ್ಕೆ ಬೊಂಬಾಯಿಗೆ ಹೋಗ್ತಾ ಇದ್ದೇನೆ. ಹದಿನೈದು ದಿನ. ಅಷ್ಟರಲ್ಲಿ... ದೊಡ್ಡಮ್ಮ ನಿಮ್ಮ ಮನೆಗೆ ಬರಬಹುದು. ನಿಮಗೆ ಬೇಸರ ಇಲ್ಲದಿದ್ದರೆ."

ದೇಯಿಯ ಕಿವಿ ಬಿಸಿಯಾಯಿತು. "ನೆಂಟರು ಬಂದರೆ ಬೇಸರ ಎಂತಕ್ಕೆ?" ಅಂದವಳು ತಿರುಗಿ ನೋಡದೆ ಓಡಿದಳು.

ದೊಡ್ಡಮ್ಮ ಬಂದರು, ಹೆಣ್ಣು ಕೇಳಿದರು. ಕಿನ್ನಿಗೂ ಹುಡುಗನ ವಿಷಯ ಇಷ್ಟವೇ ಆಯಿತು. "ಅವ ಬೊಂಬಾಯಿಯಿಂದ ಬಂದ ಮೇಲೆ, ಆ ಆದಿತ್ಯವಾರ ಉತ್ತರ ಹೇಳ್ತೇನೆ" ಅಂದಳು.

ಅದೇ ವಾರ ವಾಚು ಓಡಲಿಕ್ಕೆ ಶುರುವಾಯಿತು.

ಹೌದು, ಓಡಲಿಕ್ಕೆ! ದಿನಕ್ಕೆ ಕಾಲು ಗಂಟೆ ಮುಂದೆ, ಆಮೇಲೆ ಅರ್ಧ ಗಂಟೆ. ಸಂಜೆ ಸರಿ ಮಾಡಿಟ್ಟರೆ ಮರುದಿನ ಮತ್ತೆ ಅದೇ ಕತೆ.

ಕಿನ್ನಿ ವಾಚನ್ನೇ ದಿಟ್ಟಿಸಿ ಹೇಳಿದಳು, "ಅದಕ್ಕೆ ಅವಸರ ಉಂಟು ಮಗಾ. ಯಾರೋ ಕರೀತಾ ಇದ್ದಾರೆ."

"ಸುಮ್ಮನಿರಿ ಅಮ್ಮ! ಅವರು ಆಣೆ ಹಾಕಿದ್ದಾರೆ."

"ಹಾಗಾದರೆ ತೆರೆದು ನೋಡುವ."

ಪಕ್ಕದ ಮನೆಯ ರುಡೊಲ್ಫ್ ಹಂಚಿನ ಕಾರ್ಖಾನೆಯಲ್ಲಿ ಅಪ್ಪನ ಜೊತೆ ಕೆಲಸ ಮಾಡಿದವರು. ಸಣ್ಣ ಚೂರಿಯಿಂದ ವಾಚಿನ ಹಿಂದಿನ ಮುಚ್ಚಳ ಎಬ್ಬಿಸಿದರು. ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿದರು.

"ಒಳಗೆ ಎಂತದೋ ಗೀಚಿದ್ದಾರೆ ದೇಯಿ. ಓದು ನೋಡುವ."

ಸೂಜಿಮೊನೆಯಲ್ಲಿ ಗೀರಿದ ಸಣ್ಣ ಅಕ್ಷರಗಳು. *ಲೋಕಯ್ಯ, ೫೪. ಲೋಕಯ್ಯ, ೫೬. ಲೋಕಯ್ಯ, ೫೮. ಲೋಕಯ್ಯ, ೬೦.*

ಅರುವತ್ತರ ನಂತರ ಏನೂ ಇಲ್ಲ.

ದೇಯಿ ಇನ್ನೊಮ್ಮೆ ಓದಿದಳು. 'ಲೋಕಯ್ಯಣ್ಣ... ಅರುವತ್ತರಲ್ಲಿ ತೀರಿಕೊಂಡರು...' ಅವನೇ ಹೇಳಿದ್ದಲ್ಲವಾ! ಸತ್ತವರದ್ದೇ ವಾಚು. ಅದನ್ನು ದೇವರ ಮೇಲೆ ಆಣೆ ಹಾಕಿ ಕಟ್ಟಿಬಿಟ್ಟನಲ್ಲ!

ವಾಚಿನ ಹೆದರಿಕೆ ಒಂದು ಕಡೆ ಇರಲಿ, ಅವಳಿಗೆ ಉರಿದದ್ದು ಬೇರೆಯದೇ. ಸುಳ್ಳು ಆಣೆ ಹಾಕುವವನ ಜೊತೆ ಬಾಳುವೆ ಮಾಡುವುದು ಹೇಗೆ?

*

ಅವನು ಊರಿಗೆ ಬಂದ ದಿನವೇ ಹೋದಳು. ಗುರುವಾರ.

ಅವಳನ್ನು ಕಂಡು ಅವನ ಮುಖದಲ್ಲಿ ಬೆಳಕು ಬಂತು. "ಓ! ಶನಿವಾರಕ್ಕೆ ಮೊದಲೇ..."

ವಾಚನ್ನು ಮೇಜಿನ ಮೇಲೆ ಇಟ್ಟಳು. "ಮುಚ್ಚಳದ ಒಳಗೆ ಲೋಕಯ್ಯಣ್ಣನ ಹೆಸರು ಉಂಟು. ನಾಲ್ಕು ಸಲ!"

"ತೆರೆದು ನೋಡಿದ್ರಾ? ಅದು ಅವರ ವಾಚಲ್ಲ ದೇಯಿ..."

"ಮತ್ತೆ ಯಾರದ್ದು? ಆ ಬದುಕಿರುವ ಯಜಮಾನನ ಹೆಸರು ಹೇಳಿ, ಈಗಲೇ ಹೇಳಿ!"

ಅವನು ಬಾಯಿ ತೆರೆದ. ಮೆಟ್ಟಿಲಲ್ಲಿ ಇಬ್ಬರು ಗಿರಾಕಿಗಳು ಕಿವಿ ನೆಟ್ಟಗೆ ಮಾಡಿ ನಿಂತಿದ್ದರು. ಮದುವೆಯಾಗದ ಹುಡುಗಿ, ಇಷ್ಟು ದಿನ ಯಾರ ವಾಚು ಕಟ್ಟಿಕೊಂಡು ತಿರುಗಿದಳು ಅಂತ ಈ ಊರಿಗೆ ಗೊತ್ತಾದರೆ ಏನೇನು ಕತೆ ಕಟ್ಟುತ್ತದೋ! ತೆರೆದ ಬಾಯಿ ಮುಚ್ಚಿದ.

"ಹೇಳ್ಲಿಕ್ಕೆ ಆಗೋದಿಲ್ಲ. ನನ್ನನ್ನು ನಂಬಿ."

"ನಂಬಿದ್ದೆ." ಅವಳು ವಾಚನ್ನು ಅವನ ಕಡೆಗೆ ತಳ್ಳಿದಳು. "ಅದೇ ಮಾಡಿದ ತಪ್ಪು. ಆದಿತ್ಯವಾರದ ಉತ್ತರಕ್ಕೆ ಕಾಯಬೇಡಿ."

ಜೆಪ್ಪುವಿಗೆ ಬಸ್ಸು ಹತ್ತದೆ ನಡೆದೇ ಹೋದಳು. ಅಳುತ್ತಾ ಬಸ್ಸಿನಲ್ಲಿ ಕೂರಲಿಕ್ಕೆ ಆಗುತ್ತದಾ ಹೇಳಿ!

*

ಶನಿವಾರ. ಎಕ್ಸ್‌ಚೇಂಜಿನಲ್ಲಿ ಪಕ್ಕದ ಕುರ್ಚಿಯ ಲೂರ್ಡ್ಸ್ ಗೊಣಗಿದಳು, "ನನ್ನ ವಾಚಿಗೆ ಹುಚ್ಚು ಹಿಡಿದಿದೆ ಮಾರಾಯ್ತಿ! ದಿನಕ್ಕೆ ಅರ್ಧ ಗಂಟೆ ಮುಂದೆ ಓಡ್ತದೆ."

ದೇಯಿ ಬೆಚ್ಚಿದಳು. "ನಿನ್ನದು ಯಾರ ವಾಚು?"

"ನನ್ನ ಮಮ್ಮಿದು. ಯಾಕೆ?"

ಲೂರ್ಡ್ಸ್‌ನ ಮಮ್ಮಿ ಮೊನ್ನೆ ತಾನೇ ಎಕ್ಸ್‌ಚೇಂಜಿಗೆ ಬಂದು ಮಗಳಿಗೆ ಊಟದ ಬುತ್ತಿ ಕೊಟ್ಟು ಹೋಗಿದ್ದರು. ಸತ್ತವರು ಬುತ್ತಿ ತರುವುದಿಲ್ಲವಲ್ಲ!

ಪಾಳಿ ಮುಗಿದ ಮೇಲೆ ಇಬ್ಬರೂ ಹತ್ತಿರದ ವಾಚ್ ರಿಪೇರಿಯ ಸಿಪ್ರಿಯನ್ ಅಂಗಡಿಗೆ ಹೋದರು. ಮುದುಕ ವಾಚಿನ ಹತ್ತಿರ ಒಂದು ಸಣ್ಣ ದಿಕ್ಸೂಚಿ ಹಿಡಿದ. ಮುಳ್ಳು ಗಿರ್ರನೆ ತಿರುಗಿತು.

"ಮ್ಯಾಗ್ನೆಟ್ ಹಿಡಿದಿದೆ. ಎಲ್ಲಿ ಇಡ್ತೀರಿ ಇದನ್ನು?"

"ಕೆಲಸದ ಹೊತ್ತಿಗೆ ಬಿಚ್ಚಿ ಡ್ರಾಯರಿನಲ್ಲಿ ಇಡ್ತೇವೆ. ಈಚೆಗೆ ನಮ್ಮನ್ನು ದೂರದೂರಿನ ಕರೆಯ ಟ್ರಂಕ್ ಬೋರ್ಡಿಗೆ ಹಾಕಿದ ಮೇಲೆ ವಯರು ಉಜ್ಜುತ್ತದೆ ಅಂತ."

"ಡ್ರಾಯರಿನಲ್ಲಿ ಮತ್ತೆಂತ ಉಂಟು?"

"ಬೇರೆ ಪಾಳಿಯವರು ಕಿವಿಗೆ ಹಾಕುವ ಹೆಡ್‌ಸೆಟ್ಟು."

"ಅದರ ಒಳಗೆ ಒಳ್ಳೆ ಮ್ಯಾಗ್ನೆಟ್ ಉಂಟು ತಾಯಿ! ಒಳಗಿನ ಕೂದಲಿನಷ್ಟು ಸಪುರದ ಸ್ಪ್ರಿಂಗು ಒಂದಕ್ಕೊಂದು ಅಂಟಿಕೊಂಡರೆ ವಾಚು ಓಡದೆ ಎಂತ ಮಾಡ್ತದೆ?"

ದೇಯಿಯೂ ಆ ಡ್ರಾಯರಿನಲ್ಲೇ ಇಡುತ್ತಿದ್ದದ್ದು. ಯಾರೂ ಕರೆದಿರಲಿಲ್ಲ! ಸತ್ತವರ್ಯಾರೂ ಅವಳನ್ನು ಕರೆದಿರಲಿಲ್ಲ!

ಮುದುಕ ಮುಚ್ಚಳ ತೆರೆದು, ಕೆಲಸ ಮುಗಿಸಿ, ಸೂಜಿಯಿಂದ ಒಳಗೆ ಏನೋ ಗೀರಿದ. ದೇಯಿ ಬಗ್ಗಿ ನೋಡಿದಳು. *ಸಿಪ್ರಿಯನ್, ೬೨.* ಅದರ ಮೇಲೆ... *ಲೋಕಯ್ಯ, ೫೫.*

"ಲೋಕಯ್ಯ! ಇದು ಲೂರ್ಡ್ಸ್‌ನ ಮಮ್ಮಿದಲ್ವಾ? ಲೋಕಯ್ಯಣ್ಣನ ಹೆಸರು ಯಾಕೆ?"

ಮುದುಕ ಹಲ್ಲಿಲ್ಲದ ಬಾಯಿ ತುಂಬ ನಕ್ಕ. "ಇದು ನಮ್ಮ ಕ್ರಮ. ರಿಪೇರಿ ಮಾಡಿದವ ಒಳಗೆ ಹೆಸರು, ವರ್ಷ ಗೀರ್ತಾನೆ. ಮುಂದೆ ತೆರೆಯುವವನಿಗೆ ಗೊತ್ತಾಗಲಿ ಅಂತ. ಯಜಮಾನನ ಹೆಸರು ಯಾರು ಬರೀತಾರೆ? ಈ ಊರಿನ ಅರ್ಧ ವಾಚಿನಲ್ಲಿ ಲೋಕಯ್ಯ ಇದ್ದಾನೆ!"

ದೇಯಿ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಅವನು ಸುಳ್ಳು ಹೇಳಿರಲಿಲ್ಲ. ಹಾಗಾದರೆ ಯಜಮಾನ ಯಾರು? ಯಾಕೆ ಹೆಸರು ಹೇಳಲಿಲ್ಲ? ಪರದೆಯ ಹಿಂದಿನ ಹತ್ತು ನಿಮಿಷ... ಮಡಚಿದ ಬಲಗೈ, ಇಳಿಸಿದ ಎಡಗೈ... ಮೇಜಿನ ಕೆಳಗೆ ಅಡಗಿದ ಕೈ...

"ಅಯ್ಯೋ ದೇವರೇ!" ಅಂದಳು ದೇಯಿ. ಗಟ್ಟಿಯಾಗಿಯೇ ಅಂದಳು.

*

ಮನೆಗೆ ಹೋಗಿ ಅಮ್ಮನ ಎದುರು ಎಲ್ಲ ಹೇಳಿದಳು. ಕಿನ್ನಿ ಮೀನು ಕೊಯ್ಯುತ್ತಿದ್ದವಳು ಕತ್ತಿ ಬದಿಗಿಟ್ಟು ಕೇಳಿದಳು.  ಆಮೇಲೆ ಕೈ ತೊಳೆದು, ಒಳಗೆ ಹೋಗಿ, ಪೆಟ್ಟಿಗೆಯ ತಳದಿಂದ ಒಂದು ಬಟ್ಟೆಯ ಗಂಟು ತಂದಳು.

ಮರುದಿನ ಆದಿತ್ಯವಾರ. ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಮೋಹನದಾಸ್ ಒಬ್ಬನೇ ಕೂತಿದ್ದ. ಎದುರಿಗೆ ಅದೇ ವಾಚು.

"ಎಡಗೈ ತೋರಿಸಿ" ಅಂದಳು ದೇಯಿ.

"ಯಾಕೆ?"

"ತೋರಿಸಿ ಅಂದೆ!"

ಅವನು ಅಲುಗಲಿಲ್ಲ. ಅವಳೇ ಕೈ ಹಿಡಿದಳು. ಗುಂಡಿ ಬಿಚ್ಚಿ ಅಂಗಿ ಮೇಲೆ ಸರಿಸಿದಳು. ಕಂದು ಮಣಿಕಟ್ಟಿನ ಸುತ್ತ ಅಗಲವಾದ ಒಂದು ಬಿಳಿ ಪಟ್ಟೆ. ವರ್ಷಗಟ್ಟಲೆ ಬಿಸಿಲು ಕಾಣದ ಚರ್ಮ.

ದೇಯಿಯ ಕಣ್ಣು ತುಂಬಿ ಬಂತು. "ಯಾಕೆ ಕೊಟ್ರಿ?"

"ಕೆಲಸ ಕಲಿತು ಮುಗಿದ ದಿನ ಲೋಕಯ್ಯಣ್ಣ ಹೊಸತು ತಂದು ಕಟ್ಟಿದ್ದು. ಹತ್ತು ವರ್ಷ ಕೈಯಲ್ಲಿತ್ತು." ಅವನು ತಲೆ ತಗ್ಗಿಸಿದ. "ಅವತ್ತು ನೀವು ಛತ್ರಿಯನ್ನು ಬಿಗಿದು ಹಿಡಿದದ್ದು ನೋಡಿದೆ, ಹೆದರಿದ್ದಿರಿ. ಪೆಟ್ಟಿಗೆಯಲ್ಲಿದ್ದ ಹನ್ನೊಂದರಲ್ಲಿ ಒಂದಕ್ಕೂ ಆಣೆ ಹಾಕುವ ಧೈರ್ಯ ನನಗಿರಲಿಲ್ಲ. ಬದುಕಿದ್ದಾನೆ ಅಂತ ಖಂಡಿತ ಗೊತ್ತಿದ್ದ ಯಜಮಾನ ಒಬ್ಬನೇ."

"ಮೊನ್ನೆ ಹೇಳಬಹುದಿತ್ತಲ್ಲ! ನಾನು ಎಷ್ಟೆಲ್ಲ ಬೈದೆ..."

"ಜನ ಇದ್ದರು. ನಿಮ್ಮ ಹೆಸರು ಹಾಳಾಗುವುದಕ್ಕಿಂತ ನನ್ನದಾಗಲಿ ಅಂತ ಬಿಟ್ಟೆ."

ಅವಳು ಅತ್ತಳು. ನಾಚಿಕೆ ಬಿಟ್ಟು ಅತ್ತಳು. ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.

ಆಮೇಲೆ ಸೆರಗಿನಿಂದ ಮುಖ ಒರೆಸಿ ಬಟ್ಟೆಯ ಗಂಟು ಮೇಜಿನ ಮೇಲೆ ಇಟ್ಟಳು. ಒಳಗೆ ಒಂದು ಹಳೇ ವಾಚು, ಮುಳ್ಳುಗಳು ಎಂದೋ ನಿಂತಿದ್ದವು.

"ಅಪ್ಪನದ್ದು. ಅಮ್ಮ ಕಳಿಸಿದ್ದು. 'ಒಂಬತ್ತು ವರ್ಷ ಈ ವಾಚಿಗೆ ಶಾಪ ಹಾಕಿದೆ ಮಗಾ. ಪಾಪ, ಕಡೆಯ ದಿನದವರೆಗೆ ಅವರ ಕೈ ಹಿಡಿದುಕೊಂಡು ಇದ್ದದ್ದು ಇದೊಂದೇ' ಅಂದರು. ಓಡುವ ಹಾಗೆ ಮಾಡ್ಲಿಕ್ಕೆ ಆಗ್ತದಾ?"

ಅವನು ವಾಚನ್ನು ಕಿವಿಗೆ ಹಿಡಿದ. ಕೀಲಿ ಮೆಲ್ಲಗೆ ತಿರುಗಿಸಿ ನೋಡಿದ.

"ಆಗ್ತದೆ. ಎಣ್ಣೆ ಒಣಗಿದೆ ಅಷ್ಟೇ. ಆದ ಮೇಲೆ ಯಾರಿಗೆ ಕೊಡಬೇಕು?"

"ಯಾರ ಕೈ ಖಾಲಿ ಉಂಟೋ ಅವರಿಗೆ ಅಂತ ಅಮ್ಮ ಹೇಳಿದ್ದಾರೆ." ದೇಯಿ ನೆಲ ನೋಡುತ್ತಾ ಅಂದಳು. "ಅದೇ ಆದಿತ್ಯವಾರದ ಉತ್ತರ."

 ಮೋಹನದಾಸ್ ತನ್ನ ಹತ್ತು ವರ್ಷದ ವಾಚನ್ನು ಎತ್ತಿ ಅವಳ ಮಣಿಕಟ್ಟಿಗೆ ಕಟ್ಟಿದ. ಆಗಲೇ ಅದರ ಮ್ಯಾಗ್ನೆಟ್ ಬಿಡಿಸಿಟ್ಟಿದ್ದ. ಪಟ್ಟಿಯನ್ನು ತಾನೇ ಹಾಕಿದ ಆ ಎರಡನೇ ತೂತಿಗೆ ಸಿಕ್ಕಿಸಿದ.

"ಸತ್ತವರ ವಾಚು ಕಟ್ಟಿಕೊಳ್ಳಲಿಕ್ಕೆ ನಿಮಗೆ ಹೆದರಿಕೆ ಇಲ್ವಾ?" ಕೇಳಿದಳು.

"ಸತ್ತವರದ್ದಲ್ಲ. ಮಾವನದ್ದು" ಅಂದ ಅವನು.