ಅಂಚಿನ ಕೆಳಗಿನ ಶಾಯಿ

ಮೊದಲ ಭೇಟಿಯಲ್ಲೇ ನಾನು ಅವನ ಕೈಗೆ ಕಮೋಡು ತಿಕ್ಕುವ ಬ್ರಷ್ ಕೊಟ್ಟೆ. ಉಳಿದ ಹೆಣ್ಣುಮಕ್ಕಳು ಮೊದಲ ಭೇಟಿಯಲ್ಲಿ ಏನು ಕೊಡುತ್ತಾರೋ ನನಗೆ ತಿಳಿಯದು. ನನ್ನ ಕೈಯಲ್ಲಿ ಆಗ ಇದ್ದದ್ದು ಅದೊಂದೇ.

ನಾನು ಒಂದು ದೊಡ್ಡ ಆಸ್ಪತ್ರೆಯಲ್ಲಿ ಸ್ವಚ್ಛತೆಯ ಮೇಲ್ವಿಚಾರಕಿ. ನಲವತ್ತಾರು ಶೌಚಾಲಯ, ಹನ್ನೊಂದು ಜನ ಕೆಲಸದ ಹೆಂಗಸರು, ಅವರ ಹನ್ನೊಂದು ಸೊಂಟನೋವು, ಎಲ್ಲ ನನ್ನ ಸುಪರ್ದಿ. ಆಸ್ಪತ್ರೆಗೆ ಹೊಸ ಕಮೋಡುಗಳು ಬೇಕಾಗಿದ್ದವು. ಸುಲಭವಾಗಿ ತೊಳೆಯಲು ಬರುವಂಥದ್ದನ್ನು ಮಾಡಿಕೊಡಿ ಎಂದು ಒಂದು ಪಿಂಗಾಣಿ ಕಾರ್ಖಾನೆಗೆ ಹೇಳಿದರು. ಮಾದರಿಗಳನ್ನು ಪರೀಕ್ಷೆ ಮಾಡಲು ನನ್ನನ್ನು ಅಲ್ಲಿಗೆ ಕಳಿಸಿದರು. ಒಂದು ಮಾದರಿ ಪಾಸಾದ ದಿನವೇ ನಾನು ವಾಪಸು ಹೊರಡಬೇಕು ಎಂಬುದು ಕರಾರು. ಹೋಗುವಾಗ ಈ ಕರಾರು ನನಗೆ ತುಂಬ ಹಿಡಿಸಿತ್ತು.

ಕಾರ್ಖಾನೆಯ ಡಿಸೈನರ್‌ಗೆ ಗುಂಗುರು ಕೂದಲು. ಅಲ್ಲಿ ಎಲ್ಲರೂ ಅವನನ್ನು ಗುಂಗುರು ಎಂದೇ ಕರೆಯುತ್ತಿದ್ದರು. ಮೊದಲ ಮಾದರಿಯ ಮೇಲಿದ್ದ ಬಟ್ಟೆಯನ್ನು ಮದುವಣಗಿತ್ತಿಯ ಮುಸುಕು ಸರಿಸುವಷ್ಟು ನಾಜೂಕಾಗಿ ಸರಿಸಿದ.

"ಹಂಸದ ಕತ್ತಿನ ಬಳುಕು ಕೊಟ್ಟಿದೀನಿ ಮೇಡಂ."

"ಚೆಂದ ಇದೆ. ಈ ಕತ್ತಿನ ಸಂದೀಲಿ ಕೂತ ಕೊಳೆ ತೆಗೆಯೋದು ಹೇಗೆ?"

"ಅಲ್ಲಿ ಕೊಳೆ ಕೂರಲ್ಲ."

"ನೀವು ಯಾವತ್ತಾದ್ರೂ ಕಮೋಡು ತೊಳೆದಿದೀರಾ?"

ಅವನು ಮೇಲೆ ನೋಡಿದ, ಕೆಳಗೆ ನೋಡಿದ. "ಮನೇಲಿ ಅಮ್ಮ..." ಎಂದ.

ಬ್ರಷ್ ಕೊಟ್ಟದ್ದು ಆಗಲೇ.

ನಮ್ಮ ಪರೀಕ್ಷೆ ಬಹಳ ಸರಳ. ಕಮೋಡಿನ ಮೇಲಂಚು ಒಳಗಡೆ ಮಡಚಿಕೊಂಡಿರುತ್ತದೆ. ಆ ಮಡಿಕೆಯ ಕೆಳಗೆ ಏನಿದೆಯೆಂದು ನಿಂತವರಿಗೂ ಕಾಣದು, ಬಗ್ಗಿದವರಿಗೂ ಕಾಣದು. ರೋಗಾಣುಗಳಿಗೆ ಅದು ಮಾವನ ಮನೆ. ಅಲ್ಲಿ ಸುತ್ತಲೂ ನೀಲಿ ಶಾಯಿಯಿಂದ ಗೆರೆ ಎಳೆಯುತ್ತೇವೆ. ಫೋಟೊ ತೆಗೆಯುತ್ತೇವೆ. ಒಂದೇ ಒಂದು ಸಲ ಫ್ಲಶ್ ಮಾಡುತ್ತೇವೆ. ಶಾಯಿ ಪೂರ್ತಿ ಹೋದರೆ ಪಾಸು, ಚುಕ್ಕೆ ಉಳಿದರೂ ಫೇಲು. ನೋಡುವುದಕ್ಕೆ ನನ್ನ ಹತ್ತಿರ ಒಂದು ಪುಟ್ಟ ದುಂಡು ಕನ್ನಡಿ ಇದೆ. ಹಲ್ಲಿನ ಡಾಕ್ಟರು ಬಾಯೊಳಗೆ ಇಡುತ್ತಾರಲ್ಲ, ಅಂಥದ್ದು, ಹಿಡಿ ಮಾತ್ರ ಉದ್ದ. ಅದರಿಂದಾಗಿ ನನಗೂ ಕನ್ನಡಿ ಮೇಡಂ ಎಂಬ ಹೆಸರು ಬಿತ್ತು.

ಫ್ಲಶ್ ಮಾಡಿದ ಮೇಲೂ ಉಳಿದ ಶಾಯಿಯನ್ನು ಅವನು ಕಾಲುಗಂಟೆ ಮೊಣಕಾಲೂರಿ ತಿಕ್ಕಿದ. ಎದ್ದಾಗ ಪ್ಯಾಂಟು ಒದ್ದೆ, ಹಣೆಗೆ ಅಂಟಿದ್ದ ಒಂದು ಗುಂಗುರಿನ ತುದಿಯಲ್ಲಿ ಶಾಯಿ. ನಾನು ಕನ್ನಡಿ ಇಟ್ಟು ತೋರಿಸಿದೆ. ಹಂಸದ ಕತ್ತಿನ ತುಂಬ ನೀಲಿ.

"ಹಂಸ ಅಲ್ಲ ಸಾರ್, ನವಿಲು," ಎಂದೆ.

ಅವನಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವನು ನಕ್ಕುಬಿಟ್ಟ. ನಕ್ಕಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ, ಬಲಗೆನ್ನೆಯಲ್ಲಿ ಬೀಳುವುದಿಲ್ಲ. ಇದನ್ನು ನಾನು ಯಾವ ವರದಿಯಲ್ಲೂ ಬರೆಯಲಿಲ್ಲ.

ಎರಡನೇ ಮಾದರಿ ಫೇಲು. ಮೂರನೆಯದೂ ಫೇಲು. ನಾಲ್ಕನೆಯದರ ಸೀಟಿನ ತಿರುಪುಗಳ ಸುತ್ತ ಕೊಳೆ ಸೇರುತ್ತಿತ್ತು. "ಈ ತಿರುಪು ಯಾರಿಗೋಸ್ಕರ? ಇರುವೆಗಳಿಗೆ ಮೆಟ್ಟಿಲಾ?" ಎಂದೆ. ಮರುವಾರ ತಿರುಪುಗಳೇ ಇರಲಿಲ್ಲ, ಸೀಟು ಒಂದೇ ಕೈಯಲ್ಲಿ ಕಳಚಿ ಬರುತ್ತಿತ್ತು. ಅದನ್ನು ಕಳಚಿ, ಮತ್ತೆ ಕೂರಿಸಿ, ಮತ್ತೆ ಕಳಚಿ ನನ್ನ ಮುಖ ನೋಡಿದ. ಒಂದನೇ ಕ್ಲಾಸಿನ ಹುಡುಗ ಸ್ಲೇಟು ತೋರಿಸಿ ಟೀಚರ್ ಮುಖ ನೋಡುವ ಹಾಗೆ.

"ಪರವಾಗಿಲ್ಲ," ಎಂದೆ.

"ಪರವಾಗಿಲ್ಲ ಅಂದ್ರೆ ಚೆನ್ನಾಗಿದೆ ಅಂತಾನಾ?"

"ಪರವಾಗಿಲ್ಲ ಅಂದ್ರೆ ಪರವಾಗಿಲ್ಲ ಅಂತ."

ಅವನು ಕಿವಿಯವರೆಗೂ ಕೆಂಪಾಗಿ ಹೋದ. ನನ್ನ ಕಿವಿ ಕೂದಲಿನ ಕೆಳಗಿತ್ತು, ಬಚಾವಾದೆ.

ಐದನೆಯದು ಫೇಲಾದ ಮೇಲೆ ಅವನು ಒಂದು ಪುಸ್ತಕ, ಒಂದು ಅಳತೆಪಟ್ಟಿ ಹಿಡಿದು ನನ್ನ ಜೊತೆ ನಮ್ಮ ಆಸ್ಪತ್ರೆಗೇ ಬಂದ. ಅಲ್ಲಿ ಇಪ್ಪತ್ತೆಂಟು ವರ್ಷದಿಂದ ಶೌಚಾಲಯ ತೊಳೆಯುತ್ತಿರುವ ಹೆಂಗಸೊಬ್ಬರಿದ್ದಾರೆ. ನಾವೆಲ್ಲ ದೊಡ್ಡಕ್ಕ ಎನ್ನುತ್ತೇವೆ. ಬೆಳಗಿನಿಂದ ಸಂಜೆಯವರೆಗೆ ಅವನು ದೊಡ್ಡಕ್ಕನ ಹಿಂದೆಯೇ ಸುತ್ತಿದ. ಎಷ್ಟು ಸಲ ಬಗ್ಗಿದರು, ಯಾವ ಕೈ ಊರಿ ಎದ್ದರು, ಎಲ್ಲಿ ಉಸಿರು ಬಿಗಿಹಿಡಿದರು, ಎಲ್ಲವನ್ನೂ ಬರೆದುಕೊಂಡ. ಕೊನೆಗೆ ಪುಸ್ತಕ ಮುಚ್ಚಿ, "ದೊಡ್ಡಕ್ಕ, ಎಲ್ಲಿ ನೋವು?" ಎಂದು ಕೇಳಿದ.

ದೊಡ್ಡಕ್ಕ ನನ್ನ ಕಡೆ ತಿರುಗಿದರು. "ಇಪ್ಪತ್ತೆಂಟು ವರ್ಷ ಆಯ್ತು ಮೇಡಂ. ಶೌಚಾಲಯ ಮಾಡೋರು ಯಾರೂ ಇದನ್ನ ಕೇಳಿರಲಿಲ್ಲ," ಎಂದರು.

ನಾನು ಅವನಿಗೆ ಮನಸೋತದ್ದು ಅಲ್ಲಿ, ಎರಡನೇ ಮಹಡಿಯ ಫಿನಾಯಿಲ್ ವಾಸನೆಯ ನಡುವೆ. ಅದನ್ನು ಮುಚ್ಚಿಟ್ಟು ಈಗ ಏನಾಗಬೇಕು?

ಆರನೆಯದರಲ್ಲಿ ಎಲ್ಲ ಸರಿಯಿತ್ತು. ಆದರೆ ಅಂಚಿನ ಕೆಳಗೆ, ಮುಂಭಾಗದಲ್ಲಿ, ಎರಡು ಬೆರಳಗಲದ ಜಾಗಕ್ಕೆ ನೀರು ಮುಟ್ಟುತ್ತಿರಲಿಲ್ಲ. ಮೊದಲ ಮಾದರಿಯಿಂದಲೂ ಆ ಜಾಗದ್ದು ಇದೇ ಹಟ. ಫೇಲು ಎಂದು ಬರೆಯುವಾಗ ನನ್ನ ಪೆನ್ನು ಖುಷಿಯಿಂದ ಓಡಿತು, ಮನಸ್ಸು ನನಗೆ ಛೀಮಾರಿ ಹಾಕಿತು. ದೊಡ್ಡಕ್ಕನ ಸೊಂಟಕ್ಕಿಂತ ನಿನಗೆ ಇಲ್ಲಿ ಇನ್ನೆರಡು ವಾರ ಉಳಿಯೋದು ಹೆಚ್ಚಾಯಿತೇನೇ?

ಆ ಭಾನುವಾರ ಅಮ್ಮ ಫೋನ್ ಮಾಡಿದಳು. ಅಮ್ಮ ಬಂಧುಗಳ ಮುಂದೆ ನನ್ನ ಬಗ್ಗೆ "ಆಸ್ಪತ್ರೇಲಿ ದೊಡ್ಡ ಕೆಲಸದಲ್ಲಿದಾಳೆ" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಾಳೆ.

"ಆ ನಿನ್ನ ಕಮೋಡು ಪಾಸಾಯ್ತೇನೇ?"

"ಇಲ್ಲಮ್ಮ, ಆರನೇದೂ ಫೇಲು."

"ಆರು ಸಲ ಫೇಲಾ? ಅದ್ಯಾವನೇ ಅದು, ಅಷ್ಟು ದಡ್ಡ?"

"ದಡ್ಡ ಏನಲ್ಲ. ತುಂಬ ಜಾಣ."

"ಜಾಣ ಆದ್ರೆ ಬೇಕಂತಲೇ ಮಾಡ್ತಿದಾನೆ," ಎಂದಳು ಅಮ್ಮ.

ರಾತ್ರಿಯೆಲ್ಲ ಆ ಮಾತು ಕಿವಿಯಲ್ಲಿ ಕೊರೆಯಿತು. ಬೆಳಗ್ಗೆ ನೇರವಾಗಿ ಹೋಗಿ ಕೇಳಿಯೇಬಿಟ್ಟೆ. "ನಾನು ಇಲ್ಲೇ ಇರ್ಲಿ ಅಂತ ಬೇಕಂತಲೇ ಫೇಲ್ ಮಾಡ್ತಿದೀರಾ?"

ಅವನು ಜೇಡಿಮಣ್ಣು ಮೆತ್ತಿದ ಕೈಗಳನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತ. "ಮನಸ್ಸಿಗೆ ಬಂದಿತ್ತು ಮೇಡಂ, ಸುಳ್ಳು ಹೇಳಲ್ಲ. ದೊಡ್ಡಕ್ಕನ ಮುಖ ನೆನಪಾಯ್ತು, ಕೈ ಒಪ್ಪಲಿಲ್ಲ."

"ಸರಿ, ಕೆಲಸ ಮಾಡಿ," ಎಂದು ಬಂದುಬಿಟ್ಟೆ. ಆ ದಿನ ಸಂಜೆಯವರೆಗೆ ಒಂದೇ ವರದಿಯನ್ನು ಮೂರು ಸಲ ಬರೆದೆ.

ಏಳನೇ ಮಾದರಿ ಬಂತು. ಮಡಿಕೆಯನ್ನು ಹೆಚ್ಚುಕಡಿಮೆ ತೆಗೆದೇಹಾಕಿದ್ದ, ಉಳಿದದ್ದು ತೆಳ್ಳನೆಯ ತುಟಿಯಷ್ಟು. ನೀರು ಎರಡೂ ಬದಿಯಿಂದ ಸುತ್ತಿ ಬಂದು ಮುಂಭಾಗದಲ್ಲಿ ಸೇರುವಂತೆ ದಾರಿ ಮಾಡಿದ್ದ. ಎತ್ತರ ದೊಡ್ಡಕ್ಕನ ಮೊಣಕಾಲಿನ ಲೆಕ್ಕಕ್ಕಿತ್ತು. "ಶಾಯಿ ನಾನೇ ಹಾಕಿದೀನಿ, ನೋಡ್ಬಿಡಿ," ಎಂದವನು ಕೋಣೆಯಲ್ಲಿ ನಿಲ್ಲದೆ ಹೊರಗೆ ಹೋಗಿ, ಗಾಜಿನ ಆಚೆಯಿಂದ ಉಗುರು ಕಚ್ಚುತ್ತ ನಿಂತ.

ನಾನು ಕನ್ನಡಿ ಇಟ್ಟೆ. ಸುತ್ತಲೂ ಗೆರೆ ಸರಿಯಾಗಿತ್ತು. ಮುಂಭಾಗದ ಆ ಹಟಮಾರಿ ಜಾಗದಲ್ಲಿ ಗೆರೆಯ ಬದಲು ಇರುವೆ ಸಾಲಿನಂಥ ಅಕ್ಷರಗಳು. ಉಲ್ಟಾ ಬರೆದಿದ್ದ, ಕನ್ನಡಿಯಲ್ಲಿ ನೆಟ್ಟಗೆ ಕಾಣಲಿ ಎಂದು.

"ನನ್ನನ್ನು ಮದುವೆ ಆಗ್ತೀರಾ? ನಿಧಾನವಾಗಿ ಯೋಚನೆ ಮಾಡಿ ಹೇಳಿ. ಈ ಜಾಗದ ಶಾಯಿ ಹೇಗೂ ಹೋಗಲ್ಲ."

ಲೋಕದಲ್ಲಿ ಯಾವ ಹುಡುಗನೂ ಕಮೋಡಿನೊಳಗೆ ಪ್ರೇಮಪತ್ರ ಬರೆದಿರಲಾರ. ಬರೆದರೂ, ತನ್ನ ಸೋಲಿನ ಮೇಲೆ ಇಷ್ಟು ಭರವಸೆ ಇಟ್ಟು ಬರೆದಿರಲಾರ. ಆ ಅಕ್ಷರಗಳನ್ನು ಅಲ್ಲೇ ಉಳಿಸಿಕೊಳ್ಳಬೇಕೆಂದು ಆಸೆಯಾಯಿತು. ಉಳಿದರೆ ಕಮೋಡು ಫೇಲು, ನಾನು ಇನ್ನೆರಡು ವಾರ ಇಲ್ಲೇ. ಹೋದರೆ ದೊಡ್ಡಕ್ಕ ಗೆದ್ದರು.

ನಿಯಮದಂತೆ ಫೋಟೊ ತೆಗೆದೆ. ಎರಡು ಮಸುಕಾದವು, ಮೂರನೆಯದು ಸರಿ ಬಂತು. ಕಣ್ಣು ಮುಚ್ಚಿ ಫ್ಲಶ್ ಒತ್ತಿದೆ.

ಕನ್ನಡಿ ಇಟ್ಟು ನೋಡಿದರೆ ಹಾಲಿನಂಥ ಬಿಳುಪು. ಒಂದು ಒತ್ತಕ್ಷರ ಕೂಡ ಉಳಿದಿರಲಿಲ್ಲ.

ಹೊರಗೆ ಬಂದು, "ಪಾಸು!" ಎಂದೆ.

"ಪೂರ್ತಿ?"

"ಪೂರ್ತಿ."

"ಮುಂದುಗಡೆ?"

"ಮುಂದುಗಡೆ ಮೊದಲೇ ಹೋಯ್ತು. ಕೈ ಕೊಡಿ, ಇನ್ಮೇಲೆ ನಮ್ಮ ದೊಡ್ಡಕ್ಕ ಬಗ್ಗೋ ಹಾಗಿಲ್ಲ."

ಮೂರು ತಿಂಗಳು ಬೆವರು ಸುರಿಸಿದ ಕೆಲಸ ಗೆದ್ದಾಗ ಮುಖ ಅಷ್ಟು ಸಣ್ಣದು ಮಾಡಿಕೊಂಡ ಮನುಷ್ಯನನ್ನು ನಾನು ಕಂಡಿಲ್ಲ. ನಗಲು ಹೋದ, ಗುಳಿ ಅರ್ಧ ಬಿದ್ದು ನಿಂತಿತು. ಜೊತೆಯವರು ಬಂದು ಬೆನ್ನು ತಟ್ಟಿದರು, ಚಹಾ ತರಿಸಿದರು. ಅವನು ಸಕ್ಕರೆ ಹಾಕಿದ ಚಹಾಕ್ಕೆ ಮತ್ತೆ ಸಕ್ಕರೆ ಹಾಕಿ, ಕುಡಿಯದೆ ತಿರುಗಿಸುತ್ತಲೇ ಇದ್ದ. ನಾನು ಬೇಕೆಂದೇ ಚೀಲ ತುಂಬತೊಡಗಿದೆ. ಕೈಗವಸು, ರಿಜಿಸ್ಟರು, ನೀರಿನ ಬಾಟಲಿ, ಒಂದೊಂದನ್ನೂ ನಿಧಾನವಾಗಿ. ಅಯ್ಯೋ ಪಾಪ ಅನ್ನಿಸುತ್ತಿತ್ತು, ಆದರೂ ಬಾಯಿಬಿಡಲಿಲ್ಲ. ಬರೆದದ್ದನ್ನು ಒಮ್ಮೆ ಬಾಯಲ್ಲೂ ಹೇಳಲಿ ಎಂದು ನನಗೆ ಹಟ.

ಬಾಗಿಲವರೆಗೆ ಹೋದೆ.

"ಮೇಡಂ!" ಎಂದ. ಚಹಾದ ಲೋಟ ಹಿಡಿದೇ ಓಡಿಬಂದ, ಅರ್ಧ ಅಂಗಿಯ ಮೇಲೆ ಚೆಲ್ಲಿತ್ತು. "ಮೇಡಂ, ಅಲ್ಲಿ ನಾನು ಒಂದು ಮಾತು ಬರೆದಿದ್ದೆ. ಅದು ತೊಳೆದುಹೋಯ್ತು. ಈಗ ಹೇಳಿದ್ರೆ ನಗ್ತೀರ. ನಗಿ, ಪರವಾಗಿಲ್ಲ. ನೀವಿಲ್ಲದೆ ನನಗೆ ಇಲ್ಲಿ ಕೆಲಸ ಓಡಲ್ಲ. ಕೆಲಸ ಒಂದೇ ಅಲ್ಲ, ಏನೂ ಓಡಲ್ಲ. ನನ್ನನ್ನ ಮದುವೆ ಆಗ್ತೀರಾ?"

"ನಿಧಾನವಾಗಿ ಯೋಚನೆ ಮಾಡಿ ಹೇಳಿ ಅಂತ ನೀವೇ ಬರೆದಿದ್ರಲ್ಲ," ಎಂದೆ.

ಲೋಟ ಕೈಜಾರಿತು. "ಓದಿದ್ರಾ?"

"ಫ್ಲಶ್‌ಗೆ ಮುಂಚೆ ಫೋಟೊ. ನಿಯಮ ಮಾಡಿದ್ದು ನಾನೇ, ಮರೆತ್ರಾ?"

"ಓದಿಯೂ ಫ್ಲಶ್ ಒತ್ತಿದ್ರಾ!"

"ಅದು ನನ್ನ ಕೆಲಸ. ಈಗ ಆ ಕಡೆ ತಿರುಗಿ ನಿಂತ್ಕೊಳ್ಳಿ."

ಅದೇ ಅಚ್ಚಿನ ಇನ್ನೊಂದು ಕಮೋಡು, ಹೊಳಪಿನ ಲೇಪ ಹಚ್ಚಿಸಿಕೊಂಡು, ಸುಡುವ ಗೂಡಿಗೆ ಹೋಗಲು ಗಾಡಿಯ ಮೇಲೆ ಕಾಯುತ್ತಿತ್ತು. ಪಕ್ಕದಲ್ಲಿ ಕಾರ್ಖಾನೆಯ ಗುರುತು ಹಾಕುವ ಕಡುನೀಲಿ ಬಣ್ಣ ಇತ್ತು. ಸುಟ್ಟ ಮೇಲೆ ಲೇಪದೊಳಗೇ ಕರಗಿ ಕೂರುತ್ತದೆ ಅದು. ಸಣ್ಣ ಕುಂಚ ತೆಗೆದುಕೊಂಡು, ಅಂಚಿನ ಕೆಳಗೆ, ಮುಂಭಾಗದಲ್ಲಿ, ನನ್ನ ಉತ್ತರವನ್ನು ಉಲ್ಟಾ ಬರೆದೆ. ಗಾಡಿ ಒಳಗೆ ಹೋಗಿ ಗೂಡಿನ ಬಾಗಿಲು ಮುಚ್ಚಿದ ಮೇಲೆಯೇ ಅವನನ್ನು ತಿರುಗಲು ಬಿಟ್ಟೆ.

"ನಾಳಿದ್ದು ಹೊರಗೆ ಬರುತ್ತೆ. ನೋಡ್ಕೊಳ್ಳಿ," ಎಂದು ನನ್ನ ಕನ್ನಡಿಯನ್ನು ಅವನ ಅಂಗೈಯಲ್ಲಿಟ್ಟೆ.

"ಎರಡು ದಿನ ನಾನು ಬದುಕಿರೋದು ಹೇಗೆ?"

"ಚಹಾ ಕುಡಿತಾ ಇರಿ."

ಎರಡು ದಿನ ನಾನೂ ನೆಟ್ಟಗೆ ಊಟ ಮಾಡಲಿಲ್ಲ ಎಂಬುದು ಬೇರೆ ಮಾತು. ಮೂರನೇ ದಿನ ಬೆಳಗ್ಗೆ ಫೋನ್ ಬಂತು. ಅವನದೇ.

"ಓದಿದೆ," ಎಂದ.

"ಸರಿಯಾಗಿ ಮೂಡಿದೆಯಾ?"

"ಮೂರು ಸಲ ತಿಕ್ಕಿ ನೋಡ್ದೆ. ಹೋಗಲ್ಲ."

"ಯಾಕ್ರೀ ತಿಕ್ಕಿದ್ರಿ?"

"ಖಾತ್ರಿ ಮಾಡ್ಕೊಳ್ಳೋಕೆ," ಎಂದವನ ದನಿ ಒದ್ದೆಯಾಗಿತ್ತು. ನನ್ನ ಕಣ್ಣುಗಳೂ ಒದ್ದೆಯಾದವು.

ಆ ಕಮೋಡನ್ನು ಅವನು ಜೋಪಾನವಾಗಿ ತೆಗೆದಿಟ್ಟಿದ್ದನಂತೆ. ಪ್ಯಾಕಿಂಗಿನವರಿಗೆ ಇದೆಲ್ಲ ಏನು ಗೊತ್ತು? ಮೊದಲ ಲೋಡಿನಲ್ಲೇ ಅದನ್ನೂ ನಮ್ಮ ಆಸ್ಪತ್ರೆಗೆ ತುಂಬಿ ಕಳಿಸಿದರು.

ಹೊಸ ಕಮೋಡುಗಳು ಕೂತ ಎರಡನೇ ವಾರ ದೊಡ್ಡಕ್ಕ ನನ್ನ ಮೇಜಿನ ಮುಂದೆ ಬಂದು ನಿಂತರು. ಸೊಂಟದ ಮೇಲೆ ಕೈ ಇರಲಿಲ್ಲ, ಅದನ್ನು ನಾನು ಮೊದಲು ನೋಡಿದೆ.

"ಮೇಡಂ, ಮೂರನೇ ಮಹಡೀಲಿ ಒಂದರಲ್ಲಿ ಕಲೆ ಇದೆ. ಜಪ್ಪಯ್ಯ ಅಂದ್ರೂ ಹೋಗ್ತಿಲ್ಲ."

"ಎಲ್ಲಿ ದೊಡ್ಡಕ್ಕ?"

"ಅಂಚಿನ ಕೆಳಗೆ, ಮುಂದುಗಡೆ. ನನ್ನ ಕೈಗನ್ನಡಿ ಇಟ್ಟು ನೋಡ್ದೆ. 'ಹೂಂ' ಅಂತ ಬರೆದಿದೆ." ನನ್ನ ಮುಖವನ್ನೇ ನೋಡಿದರು. "ಯಾರು ಏನು ಕೇಳಿದ್ರೋ ಪಾಪ."

ನಾನು ರಿಜಿಸ್ಟರಿನಲ್ಲಿ ಮುಖ ಹುದುಗಿಸಿದೆ. "ಅದೊಂದನ್ನ ತಿಕ್ಕಬೇಡಿ, ಇರ್ಲಿ ಬಿಡಿ."

"ತಿಕ್ಕಲ್ಲ ತಾಯಿ. ಮದುವೆ ದಿನ ಮಾತ್ರ ಮುಂಚೆ ಹೇಳ್ಬಿಡಿ, ಹನ್ನೊಂದು ಜನಾನೂ ರಜೆ ಹಾಕ್ಬೇಕು."

"ಹನ್ನೊಂದು ಜನಾನೂ ಬಂದ್ರೆ ಇಲ್ಲಿ ತೊಳೆಯೋರು ಯಾರು?"

"ಒಂದು ದಿನ ಅದು ತಾನೇ ತೊಳ್ಕೊಳ್ಳುತ್ತೆ ಬಿಡಿ," ಎಂದರು ದೊಡ್ಡಕ್ಕ. "ಗುಂಗುರು ಅಷ್ಟು ಚೆನ್ನಾಗಿ ಮಾಡಿದಾರಲ್ಲ."